ಸೈಕಲ್‌ನ ತುಕ್ಕು ಮತ್ತು ಅಗಸೆ ಎಣ್ಣೆ

ಹೋದ ಚಳಿಗಾಲದಲ್ಲಿ ಒಂದಿನ ನನ್ನ ಹಳೇ ಸ್ಟೀಲ್ ಸೈಕಲ್ಲಿನ ಸೀಟ್ ಪೋಸ್ಟ್ ಹೊರಗೆಳೆದು, ಸೈಕಲ್ ತಲೆಕೆಳಗು ಮಾಡಿದೆ. ಕಂದು ಬಣ್ಣದ ನೀರು ಸುರೀತು! ಹೊರಗಡೆ ಪೇಂಟ್ ಮಾತ್ರ ಹೊಸದರ ಹಾಗೇ ಹೊಳೀತಾ ಇತ್ತು.

ನಾನಿರೋದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪಕ್ಕದಲ್ಲಿ. ಇಲ್ಲಿ ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಸಮುದ್ರದ ಕಡೆಯಿಂದ ಬರುವ ಮಂಜು. 1937ರಲ್ಲಿ ತೆರೆದ ಗೋಲ್ಡನ್ ಗೇಟ್ ಸೇತುವೆಗೆ ಇವತ್ತಿಗೂ ಪೇಂಟರ್‌ಗಳ ತಂಡವೇ ಇದೆ. ಸೈಕಲ್ ಫ್ರೇಮಿಗೂ ಹೊರಗೆ ಪೇಂಟ್ ಇರುತ್ತೆ. ಆದರೆ ಕೊಳವೆಯ ಒಳಗೆ ಸಾಮಾನ್ಯವಾಗಿ ಏನೂ ಇರಲ್ಲ.

ತುಕ್ಕು ಅಂದ್ರೆ ಏನು? ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಡುತ್ತೆ, ನೀರಿನ ಜೊತೆ ಸೇರಿದ ಆಮ್ಲಜನಕ ಅದನ್ನು ತಗೊಳ್ಳುತ್ತೆ. ಉಪ್ಪಿದ್ದರೆ ಈ ವ್ಯವಹಾರ ಇನ್ನೂ ಜೋರು. ಅಲ್ಯೂಮಿನಿಯಂ ಮೇಲೆ ಹುಟ್ಟುವ ಆಕ್ಸೈಡ್ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ, ಹುಡಿಹುಡಿಯಾಗಿ ಉದುರುತ್ತೆ, ಮತ್ತೆ ಹೊಸ ಕಬ್ಬಿಣ ತೆರೆದುಕೊಳ್ಳುತ್ತೆ. ಒಳ್ಳೆಯ ಫ್ರೇಮಿನ ಕೊಳವೆ ನಡುಭಾಗದಲ್ಲಿ ಒಂದು ಮಿಲಿಮೀಟರಿಗಿಂತಲೂ ತೆಳು. ಕಳೆದುಕೊಳ್ಳೋಕೆ ಹೆಚ್ಚೇನಿಲ್ಲ.

ಇದಕ್ಕೆ ಹಳೆಯ ಉಪಾಯ ಅಗಸೆ ಎಣ್ಣೆ. ಹೌದು, ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿ ಮಾಡ್ತಾರಲ್ಲ, ಅದೇ ಅಗಸೆ. ಕೊಬ್ಬರಿ ಎಣ್ಣೆ ಯಾಕಾಗಲ್ಲ? ಅದರ ಕೊಬ್ಬಿನಾಮ್ಲಗಳಲ್ಲಿ ದ್ವಿಬಂಧಗಳು ಬಹಳ ಕಡಿಮೆ. ಅಗಸೆ ಎಣ್ಣೆಯ ಸುಮಾರು ಅರ್ಧದಷ್ಟು ಕೊಬ್ಬಿನಾಮ್ಲದಲ್ಲಿ ಮೂರು ಮೂರು ದ್ವಿಬಂಧ. ಗಾಳಿಯ ಆಮ್ಲಜನಕ ಅಲ್ಲಿ ಕೈಹಾಕಿ ಅಣುಗಳನ್ನು ಒಂದಕ್ಕೊಂದು ಹೆಣೆಯುತ್ತೆ. ಎಣ್ಣೆ ಗಟ್ಟಿ ಪದರವಾಗುತ್ತೆ. ತುಕ್ಕು ತರುವ ಆಮ್ಲಜನಕವೇ ಇಲ್ಲಿ ಕಾವಲುಗಾರ!

ಮಾಡೋದು ಹೀಗೆ. ಸೀಟ್ ಪೋಸ್ಟ್, ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್ ಬಿಚ್ಚಿ, ಫ್ರೇಮನ್ನು ಪೂರ್ತಿ ಒಣಗಿಸಿ. ಹಾರ್ಡ್‌ವೇರ್ ಅಂಗಡಿಯ ‘ಬಾಯ್ಲ್ಡ್ ಲಿನ್‌ಸೀಡ್ ಆಯಿಲ್’ ಸ್ವಲ್ಪ ಸುರಿದು, ಎಲ್ಲ ಕಡೆಗೂ ತಾಗುವ ಹಾಗೆ ಫ್ರೇಮನ್ನು ಹೊರಳಿಸಿ, ಉಳಿದದ್ದು ಬಸಿದು, ಕೆಲವು ದಿನ ಒಣಗಲು ಬಿಡಿ. ಕೆಳಗೆ ನೀರು ಹೋಗುವ ತೂತಿದ್ದರೆ ಮುಚ್ಚಿಹೋಗದಂತೆ ನೋಡ್ಕೊಳ್ಳಿ. ಸೀಟ್ ಪೋಸ್ಟ್‌ಗೆ ಗ್ರೀಸ್ ಹಚ್ಚಿ ಮತ್ತೆ ಹಾಕಿ. ಈ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರ್ತಾರೆ, ಅಡುಗೆಮನೆಯ ಹತ್ತಿರ ಇಡಬೇಡಿ.

ಕೊನೆಗೆ ಒಂದು ಮುಖ್ಯ ಮಾತು. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತೆ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಗ್ಯಾರೇಜಿನ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಕೂತು, ಬೆಂಕಿಕಡ್ಡಿ ಇಲ್ಲದೇ ಬೆಂಕಿ ಹತ್ತಬಹುದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ. ಸೈಕಲ್ ಉಳಿಸೋಕೆ ಹೋಗಿ ಮನೆ ಕಳ್ಕೋಬಾರದಲ್ವಾ? ಮುಂದಿನ ಸಂಚಿಕೆಯಲ್ಲಿ ಸಿಗೋಣ.