ಒಬ್ಬಳ ಸಂಸಾರದ ಲೆಕ್ಕ

ಮದುವೆಯಾಗದೆ, ಮಕ್ಕಳು ಬೇಡವೆಂದು ತೀರ್ಮಾನಿಸಿ ನಲವತ್ತು ದಾಟಿದವರ ಬಗ್ಗೆ ನೆಂಟರಿಷ್ಟರಲ್ಲಿ ಎರಡು ಮಾತು ಸದಾ ಓಡಾಡುತ್ತಿರುತ್ತವೆ. ಒಂದು, ‘ನಿನಗೇನಮ್ಮ, ಖರ್ಚೇ ಇಲ್ಲ.’ ಇನ್ನೊಂದು, ‘ಕೂಡಿಟ್ಟು ಯಾರಿಗೆ ಕೊಡ್ತೀಯ?’ ಪ್ರೀತಿಯಿಂದಲೇ ಆಡುವ ಮಾತುಗಳು. ಆದರೆ ಎರಡರಲ್ಲೂ ಲೆಕ್ಕ ತಪ್ಪಿದೆ. ಒಬ್ಬರೇ ಇರುವ ಮನೆಯೂ ಸಂಸಾರವೇ. ಅಲ್ಲೂ ಬಾಡಿಗೆಯಿದೆ, ಬೇಳೆಯಿದೆ, ಔಷಧಿಯಿದೆ, ಮುಂದೊಂದು ದಿನ ಮುಪ್ಪೂ ಇದೆ. ಇಲ್ಲದಿರುವುದು, ಆಪತ್ತು ಬಂದಾಗ ತಾನಾಗಿ ಮುಂದೆ ಬರುವ ಹೆಸರು. ಗಂಡ, ಹೆಂಡತಿ, ಮಗ, ಮಗಳು ಎಂಬ ಜಾಗಗಳನ್ನು ಬ್ಯಾಂಕು, ಆಸ್ಪತ್ರೆ, ಕಾನೂನು ಮೊದಲೇ ಗುರುತು ಮಾಡಿಟ್ಟಿವೆ. ನಮ್ಮ ಅರ್ಜಿಯಲ್ಲಿ ಆ ಸಾಲು ಖಾಲಿ. ಅದನ್ನು ಗಟ್ಟಿಯಾಗಿರುವಾಗಲೇ ನಾವೇ ತುಂಬಬೇಕು. ಒಂಟಿ ಬದುಕಿನ ಹಣಕಾಸಿನಲ್ಲಿ ಉಳಿತಾಯಕ್ಕಿಂತ ದೊಡ್ಡ ಕೆಲಸ ಇದು ಎಂಬುದು ಇಷ್ಟು ವರ್ಷದ ನನ್ನ ಅನುಭವ.

ಮೊದಲು ಖರ್ಚಿನ ಮಾತು. ಬೆಂಗಳೂರಿನಲ್ಲಿ ಒಂದು ಬೆಡ್‌ರೂಮಿನ ಮನೆಗೆ ಇಬ್ಬರಿದ್ದರೂ ಅದೇ ಬಾಡಿಗೆ, ಒಬ್ಬರಿದ್ದರೂ ಅದೇ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಇಲ್ಲಿನ ಹಳೆಯ ರೂಢಿಗೆ ಒಂದೇ ಸಂಬಳದಿಂದ ದುಡ್ಡು ಹೊಂದಿಸಬೇಕು. ‘ಫ್ಯಾಮಿಲಿಗೆ ಮಾತ್ರ’ ಎನ್ನುವ ಮನೆಗಳನ್ನು ಕಳೆದು ಉಳಿದವುಗಳಲ್ಲೇ ಹುಡುಕಬೇಕಾದ್ದರಿಂದ ಚೌಕಾಸಿ ಮಾಡುವ ಬಲವೂ ಕಡಿಮೆ. ಪ್ರವಾಸದ ಪ್ಯಾಕೇಜಿನ ದರ ಇಬ್ಬರು ಒಂದು ರೂಮು ಹಂಚಿಕೊಳ್ಳುವ ಲೆಕ್ಕದ್ದು. ಒಬ್ಬರೇ ಹೊರಟರೆ ಮೇಲಿಷ್ಟು ಕಟ್ಟಬೇಕು. ಇವೆಲ್ಲಕ್ಕಿಂತ ಮುಖ್ಯ ಇನ್ನೊಂದು: ಇಬ್ಬರು ದುಡಿಯುವ ಮನೆಯಲ್ಲಿ ಒಬ್ಬರ ಕೆಲಸ ಹೋದರೆ ಆದಾಯದ ಒಂದು ಪಾಲು ಹೋಗುತ್ತದೆ, ನನ್ನ ಮನೆಯಲ್ಲಿ ಪೂರ್ತಿ ಹೋಗುತ್ತದೆ. ಹಾಗಾಗಿ ಆರು ತಿಂಗಳ ಖರ್ಚನ್ನು ತೆಗೆದಿಡಿ ಎಂಬ ಸಾಮಾನ್ಯ ಸಲಹೆ ನಮಗೆ ಸಾಲದು. ನಾನು ಒಂದು ವರ್ಷದ ಖರ್ಚನ್ನು ಮುಟ್ಟದೆ ಇಟ್ಟಿದ್ದೇನೆ. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ವಿಮೆ ಇರುವುದು 5 ಲಕ್ಷ ರೂಪಾಯಿವರೆಗೆ ಮಾತ್ರ. ಅದಕ್ಕೆ ಆ ಹಣ ಎರಡು ಬ್ಯಾಂಕುಗಳಲ್ಲಿದೆ.

ನನ್ನ ಬಜೆಟ್ಟಿನಲ್ಲಿ ಯಾವ ಕಾರಣಕ್ಕೂ ಕತ್ತರಿ ಬೀಳದ ಸಾಲೊಂದಿದೆ: ನನಗೆ ಇಷ್ಟವಾದದ್ದರ ಖರ್ಚು. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವಕ್ಕೆ ಟಿಕೆಟ್ಟು, ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಹೋಗಿಬರುವ ಖರ್ಚು, ಪುಸ್ತಕ, ಮಲೆನಾಡಿನ ಚಾರಣ. ಮಕ್ಕಳ ಫೀಸು ಕಟ್ಟುವವರಿಗೆ ಇದು ಶೋಕಿಯಾಗಿ ಕಾಣಬಹುದು. ನನ್ನ ಅಭಿಪ್ರಾಯ ಬೇರೆ. ಮಕ್ಕಳಿರುವವರಿಗೆ ಶಾಲೆಯ ಗೇಟಿನ ಬಳಿ, ಹುಟ್ಟುಹಬ್ಬಗಳಲ್ಲಿ ಜನ ತಾವಾಗಿ ಸಿಗುತ್ತಾರೆ. ನಮ್ಮಂಥವರು ಜನರನ್ನು ಹುಡುಕಿಕೊಂಡು ಹೋಗಬೇಕು. ಕಛೇರಿ ಕೇಳುತ್ತ ಪಕ್ಕದ ಕುರ್ಚಿಯಲ್ಲಿ ಪರಿಚಯವಾದ ಗೆಳತಿಯೇ ನನಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದಾಗ ರಾತ್ರಿಯಿಡೀ ವಾರ್ಡಿನಲ್ಲಿ ಕೂತವಳು. ಆಸಕ್ತಿಗೆ ಸುರಿದ ಹಣ ಹೀಗೆ ಮನುಷ್ಯರ ರೂಪದಲ್ಲಿ ವಾಪಸು ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಶಸ್ತ್ರಚಿಕಿತ್ಸೆಗೆ ಸೇರುವಾಗ ಕೌಂಟರಿನಲ್ಲಿ ನನ್ನನ್ನು ಕೇಳಿದ್ದು ಗಂಡನ ಸಹಿ, ಇಲ್ಲವೇ ತಂದೆಯ ಸಹಿ. ನನಗೆ ಗಂಡನಿಲ್ಲ, ತಂದೆ ತೀರಿಕೊಂಡಿದ್ದಾರೆ, ತಮ್ಮ ದೂರದ ಊರಿನಲ್ಲಿದ್ದಾನೆ. ಪ್ರಜ್ಞೆಯಲ್ಲಿರುವ ವಯಸ್ಕ ರೋಗಿಯ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ಆ ರೋಗಿಯೇ. 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಆ ಪ್ರಕರಣದಲ್ಲಿದ್ದವರೂ ಒಬ್ಬ ಅವಿವಾಹಿತ ಮಹಿಳೆ; ಆಕೆ ಅರಿವಳಿಕೆಯಲ್ಲಿದ್ದಾಗ ವೈದ್ಯರು ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆಯಾಗದು ಎಂದಿತು ನ್ಯಾಯಾಲಯ. ಕಾನೂನು ನಮ್ಮ ಕಡೆಗಿದೆ. ಆದರೂ ಬಿಲ್ಲು ಕಟ್ಟಲು, ಔಷಧಿ ತರಲು, ವೈದ್ಯರ ಮಾತು ಕೇಳಿಸಿಕೊಳ್ಳಲು ಒಬ್ಬರು ಬೇಕು. ಆ ಒಬ್ಬರು ಯಾರು ಎಂಬುದನ್ನು ಆಂಬುಲೆನ್ಸ್ ಬಂದಮೇಲೆ ಯೋಚಿಸಲಾಗದು.

ಆರೋಗ್ಯ ವಿಮೆಯ ವಿಚಾರಕ್ಕೆ ಬಂದರೆ, ಕಂಪನಿಯ ಗುಂಪು ವಿಮೆಯನ್ನೇ ನೆಚ್ಚಿಕೊಳ್ಳಬೇಡಿ. ಕೆಲಸ ಬಿಟ್ಟ ದಿನ ಅದೂ ಕೈಬಿಡಬಹುದು. ನಮ್ಮ ಹೆಸರಿನದೇ ಪಾಲಿಸಿ ಬೇಕು, ಅದೂ ಕಾಯಿಲೆ ಬರುವ ಮುಂಚೆ. ಮೊದಲೇ ಇರುವ ಕಾಯಿಲೆಗಳಿಗೆ ಕಾಯಿಸುವ ಅವಧಿ ಮೂರು ವರ್ಷ ಮೀರಬಾರದೆಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ತಂದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿಯೂ ಇಲ್ಲ. ಜೀವ ವಿಮೆಯ ಪ್ರಶ್ನೆ ಬೇರೆ. ನಮ್ಮ ಸಂಬಳ ನಿಂತರೆ ಯಾರ ಅನ್ನಕ್ಕೆ ಕುತ್ತು ಬರುತ್ತದೆ? ಅಂಥವರು ಯಾರೂ ಇಲ್ಲದಿದ್ದರೆ ಜೀವ ವಿಮೆಯೇ ಬೇಡ. ನನಗೆ ಅಮ್ಮ ಇದ್ದಾಳೆ, ಅವಳಿಗೆ ಬೇಕಾದಷ್ಟು ಮೊತ್ತದ ಟರ್ಮ್ ಪಾಲಿಸಿ ಮಾತ್ರ ಇದೆ.

ಇನ್ನು ನಾಮಿನಿ. ಇಲ್ಲಿ ಬಹಳ ಜನರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ನಾಮಿನಿಯಾದವರು ಹಣದ ಒಡೆಯರಲ್ಲ, ಅದನ್ನು ಪಡೆದು ವಾರಸುದಾರರಿಗೆ ಮುಟ್ಟಿಸುವ ಹೊಣೆಗಾರರು. ವಿಮೆಯ ಹಣದ ಬಗ್ಗೆ 1984ರಲ್ಲೂ, ಕಂಪನಿ ಷೇರುಗಳ ಬಗ್ಗೆ 2023ರ ಡಿಸೆಂಬರ್‌ನಲ್ಲೂ ಸುಪ್ರೀಂ ಕೋರ್ಟ್ ಹೀಗೇ ಹೇಳಿದೆ. ವಿಮಾ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದು ತಂದೆ, ತಾಯಿ, ಸಂಗಾತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದೇ ಎಂದಾಯಿತು. ಆ ಪಟ್ಟಿಯಲ್ಲಿ ಗೆಳತಿಯಿಲ್ಲ, ತಮ್ಮನೂ ಇಲ್ಲ. ಪಿಎಫ್ ಇನ್ನೂ ಬಿಗಿ. ಅದರ ನಿಯಮದ ‘ಕುಟುಂಬ’ದಲ್ಲಿ ಒಡಹುಟ್ಟಿದವರಿಗೆ ಜಾಗವಿಲ್ಲ, ಆದರೆ ಅವಲಂಬಿತ ತಾಯಿ ಇದ್ದಾಳೆ. ಹಾಗೆ ತಾಯಿ ಇರುವಾಗ ಬೇರೆಯವರ ಹೆಸರು ಬರೆದರೆ ಅದು ನಿಲ್ಲುವುದಿಲ್ಲ. ಬ್ಯಾಂಕ್ ಖಾತೆಯಲ್ಲಿ ಮಾತ್ರ 2025ರ ನವೆಂಬರ್ 1ರಿಂದ ಅನುಕೂಲ ಹೆಚ್ಚಿದೆ: ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಿ, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ಕೇಳಿ ಪಡೆಯುವ ಹಕ್ಕಿದೆ, ಆದರೆ ಕೇಳುವವರಿಗೆ ಅಂಥ ಖಾತೆಯೊಂದು ಇದೆ ಎಂದು ಗೊತ್ತಿರಬೇಕಲ್ಲ!

ಹಾಗಾದರೆ ವಾರಸುದಾರರು ಯಾರು? ನನಗೆ ಅನ್ವಯಿಸುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಅವಿವಾಹಿತ ಹೆಣ್ಣು ಉಯಿಲು ಬರೆಯದೆ ತೀರಿಕೊಂಡರೆ ಆಕೆಯ ಸ್ವಂತ ಗಳಿಕೆ ತಂದೆ ತಾಯಿಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ ಹೋಗುತ್ತದೆ. ಅವಿವಾಹಿತ ಗಂಡಿಗೆ ಬೇರೆ ನಿಯಮ: ತಾಯಿ ಇದ್ದರೆ ಎಲ್ಲವೂ ತಾಯಿಗೆ, ತಂದೆಯ ಸರದಿ ಆಮೇಲೆ. ವಾರ್ಡಿನಲ್ಲಿ ರಾತ್ರಿ ಕಳೆದ ಗೆಳತಿಗೆ, ಮನೆಗೆಲಸದಲ್ಲಿ ವರ್ಷಗಟ್ಟಲೆ ಜೊತೆಯಾದವಳಿಗೆ, ಓದಲು ಕಲಿಸಿದ ಊರಿನ ಲೈಬ್ರರಿಗೆ ಈ ಸರದಿಯಲ್ಲಿ ಜಾಗವೇ ಇಲ್ಲ. ಜಾಗ ಮಾಡಿಕೊಡುವುದು ಉಯಿಲು ಒಂದೇ.

ಉಯಿಲು ಎಂದರೆ ಆಸ್ತಿವಂತರ, ಮುದುಕರ ಕೆಲಸ ಎಂದುಕೊಂಡವರಿಗೆ ಹೇಳುತ್ತೇನೆ, ಇದಕ್ಕಿಂತ ಸುಲಭದ ಕಾಗದ ಇಲ್ಲ. ಸ್ಟ್ಯಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ನಾವು ಸಹಿ ಮಾಡಿದ್ದನ್ನು ಕಂಡ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಪಾಲು ಪಡೆಯುವವರನ್ನು ಸಾಕ್ಷಿ ಮಾಡದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಮುಂದೆ ತಕರಾರು ಬಾರದಿರಲೆಂದು ನಾನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದ್ದೇನೆ. ಅಮ್ಮನ ಕೊನೆಗಾಲದ ಖರ್ಚಿಗೆ ಒಂದು ಪಾಲು, ತಮ್ಮನ ಮಗಳ ಓದಿಗೆ ಒಂದು, ಆ ಗೆಳತಿಗೆ ಒಂದು, ಲೈಬ್ರರಿಗೆ ಒಂದು. ಬರೆದು ಮುಗಿಸಿದಾಗ ನಾನು ಯಾರಿಗಾಗಿ ದುಡಿಯುತ್ತಿದ್ದೇನೆ ಎಂಬುದು ನನಗೇ ನಿಚ್ಚಳವಾಯಿತು.

ಸಾವಿನಾಚೆಯ ಕಾಗದ ಉಯಿಲು. ಸಾವಿಗೆ ಮುಂಚಿನ ದಿನಗಳಿಗೂ ಒಂದು ಕಾಗದ ಬೇಕು. ಚೇತರಿಕೆಯ ಆಸೆಯಿಲ್ಲದ ಸ್ಥಿತಿಯಲ್ಲಿ ಯಂತ್ರಗಳ ಮೇಲೆ ಜೀವ ಹಿಡಿದಿಡಬೇಕೇ ಬೇಡವೇ ಎಂಬುದನ್ನು ಮುಂಚೆಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಇಬ್ಬರು ಸಾಕ್ಷಿಗಳ ಎದುರು ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ, ನಮ್ಮ ಪರವಾಗಿ ಮಾತಾಡುವವರನ್ನು ಅದರಲ್ಲಿ ಹೆಸರಿಸಬೇಕು. ಪವರ್ ಆಫ್ ಅಟಾರ್ನಿ ಕೊಟ್ಟಿದ್ದೇನಲ್ಲ ಎಂದು ನೆಮ್ಮದಿಯಾಗಿರುವವರು ಗಮನಿಸಿ: ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರ ಅಲ್ಲಿಗೆ ಕೊನೆಯಾಗುತ್ತದೆ. ಚಿಕಿತ್ಸೆಯ ಹಣಕ್ಕಾಗಿ ನಂಬಿಗಸ್ತರ ಜೊತೆ ‘ಐದರ್ ಆರ್ ಸರ್ವೈವರ್’ ಜಂಟಿ ಖಾತೆಯೊಂದಿದ್ದರೆ ಕೈ ಕಟ್ಟುವುದಿಲ್ಲ.

ಮುಪ್ಪಿನ ಆದಾಯದಲ್ಲಿ ನಮಗೊಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಪಿಂಚಣಿಗಾಗಿ ಆನ್ಯುಟಿ ಕೊಳ್ಳುವಾಗ, ಸತ್ತ ಮೇಲೆ ಅಸಲು ವಾರಸುದಾರರಿಗೆ ಮರಳುವ ಆಯ್ಕೆಯನ್ನೇ ಬಹಳ ಮಂದಿ ಆರಿಸುತ್ತಾರೆ. ಅಸಲು ಮರಳಬೇಕಿಲ್ಲ ಎಂದರೆ ಅದೇ ಹಣಕ್ಕೆ ತಿಂಗಳ ಪಿಂಚಣಿ ಹೆಚ್ಚು. ಸ್ವಂತ ಮನೆಯಿದ್ದರೆ ಅರವತ್ತರ ಮೇಲೆ ರಿವರ್ಸ್ ಮಾರ್ಟ್‌ಗೇಜ್ ಎಂಬ ದಾರಿಯೂ ಇದೆ: ಮನೆಯಲ್ಲೇ ಇದ್ದುಕೊಂಡು ಅದರ ಬೆಲೆಯ ಮೇಲೆ ಕಂತಿನಲ್ಲಿ ಹಣ ಪಡೆಯಬಹುದು. ಹಿರಿಯರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. ನೋಡಿಕೊಳ್ಳುವವರ ಸಂಬಳಕ್ಕೆಂದೇ ನಾನು ಬೇರೆ ಮೊತ್ತ ಬೆಳೆಸುತ್ತಿದ್ದೇನೆ. ಮಕ್ಕಳಿರುವ ಎಷ್ಟೋ ಮನೆಗಳಲ್ಲೂ ಇಂದು ಹೋಮ್ ನರ್ಸೇ ಆಸರೆ. ಈ ಖರ್ಚು ಎಲ್ಲರಿಗೂ ಇದೆ.

ತೆರಿಗೆ ಕಾನೂನಿನ ಒಂದು ಅಂಶ ಮಾತ್ರ ನನಗೆ ಸರಿಕಾಣುವುದಿಲ್ಲ. ನಾನು ತಮ್ಮನ ಮಗಳಿಗೆ ಎಷ್ಟೇ ಹಣ ಉಡುಗೊರೆ ಕೊಟ್ಟರೂ ಅವಳಿಗೆ ತೆರಿಗೆಯಿಲ್ಲ, ಅತ್ತೆ ಅವಳಿಗೆ ‘ಸಂಬಂಧಿ’. ಮುಂದೆ ಅವಳು ನನ್ನ ಆರೈಕೆಗೆ ವರ್ಷಕ್ಕೆ 50,000 ರೂಪಾಯಿ ಮೀರಿ ಕಳಿಸಿದರೆ ಅಷ್ಟೂ ನನ್ನ ಆದಾಯವಾಗುತ್ತದೆ, ಏಕೆಂದರೆ ಅಣ್ಣ ತಮ್ಮಂದಿರ ಮಕ್ಕಳು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಒಂಟಿ ಹಿರಿಯರ ಸಂಖ್ಯೆ ಬೆಳೆಯಲಿರುವ ನಾಡಿನಲ್ಲಿ ಇದು ಬದಲಾಗಲೇಬೇಕು.

ಅರ್ಜಿ ತುಂಬುವುದು ಇವೆಲ್ಲದರಲ್ಲಿ ಸುಲಭದ ಭಾಗ. ಕಷ್ಟದ್ದು, ಹೆಸರು ಬರೆಯುವ ಮುಂಚೆ ಆ ವ್ಯಕ್ತಿಯ ಎದುರು ಕೂತು ಕೇಳುವುದು: ‘ಆಸ್ಪತ್ರೆಯಿಂದ ಫೋನ್ ಬಂದರೆ ನೀನು ಬರ್ತೀಯಾ? ನನ್ನ ಕಾಗದಗಳನ್ನು ನಿನ್ನ ಹತ್ತಿರ ಇಡಲಾ?’ ಕೆಲವರು ಹಿಂಜರಿಯಬಹುದು, ಆ ಉತ್ತರವೂ ಈಗಲೇ ಸಿಗುವುದು ಒಳಿತು. ಒಪ್ಪಿದವರಿಗೆ ಖಾತೆ, ಪಾಲಿಸಿ, ಉಯಿಲು ಎಲ್ಲಿವೆ ಎಂಬ ಪಟ್ಟಿ ಕೊಡಿ. ಅವರಿಗೂ ಅಂಥದ್ದೇ ಅಗತ್ಯವಿದ್ದರೆ ಅವರ ಪಟ್ಟಿಯನ್ನು ನೀವು ಇಟ್ಟುಕೊಳ್ಳಿ. ಪ್ರತಿ ಏಪ್ರಿಲ್‌ನಲ್ಲಿ, ಹೊಸ ಹಣಕಾಸು ವರ್ಷದ ಮೊದಲ ವಾರ, ಒಂದು ಸಂಜೆ ಇಬ್ಬರೂ ಕೂತು ಹೆಸರುಗಳನ್ನು ಪರಿಶೀಲಿಸಿ. ನಾನೂ ನನ್ನ ಗೆಳತಿಯೂ ಹಾಗೆ ಮಾಡುತ್ತೇವೆ. ಮುಂದಿನ ಏಪ್ರಿಲ್‌ವರೆಗೆ ಕಾಯಬೇಕಿಲ್ಲ. ನಿಮ್ಮ ಮೊದಲ ಮಾತು ಈ ಭಾನುವಾರವೇ ನಡೆಯಲಿ.