ಅಂಗಳಕ್ಕೊಂದು ಬೈನೆ

ತಮ್ಮಾ, ಮೇಳಿಗೆಯಲ್ಲಿ ಮನೆ ಕಟ್ಟಿಸಿದ್ದೀಯ, ಅಂಗಳದ ಚಂದಕ್ಕೆ ಒಂದು ಪಾಮ್ ತರಬೇಕು ಅಂತಿದ್ದೀಯ. ನರ್ಸರಿಗೆ ಹೋಗುವ ಮೊದಲು ನನ್ನ ಒಂದು ಮಾತು ಕೇಳು. ಅಲ್ಲಿ ಅರೆಕಾ ಪಾಮ್ ಅಂತ ಮಾರುವ ಗಿಡದ ತವರು ಮಡಗಾಸ್ಕರ್. ನಮ್ಮ ಘಟ್ಟದ ಕಾಡಲ್ಲೇ ಹುಟ್ಟಿ ಬೆಳೆದ ಬೈನೆ ಇರುವಾಗ ಅದನ್ನೇ ನೆಡು. ಮೀನಿನ ಬಾಲದ ಹಾಗಿರುವ ಅದರ ಎಲೆಯ ಅಂದ ಅಡಿಕೆಗೂ ಇಲ್ಲ, ತೆಂಗಿಗೂ ಇಲ್ಲ. ಇಲ್ಲಿಯ ಮಳೆ, ಇಲ್ಲಿಯ ಕೆಮ್ಮಣ್ಣು ಎರಡೂ ಅದಕ್ಕೆ ಒಗ್ಗಿದ್ದು.

ಜಾಗ ಮಾತ್ರ ಯೋಚಿಸಿ ಆರಿಸು. ಅಡಿಕೆಗೆ 9 ಅಡಿ ಅಂತರ ಬಿಟ್ಟು ನೆಡುವವರು ನಾವು. ಇದಕ್ಕೆ ಇನ್ನೂ ಹೆಚ್ಚು ಬೇಕು. ಹರಡಿದ ಎಲೆಯೇ ಹತ್ತಡಿ ದಾಟುತ್ತದೆ. ಮಾಡಿನ ಹಂಚು, ಕರೆಂಟ್ ತಂತಿ, ಬಾವಿ, ಮೂರರಿಂದಲೂ ದೂರ ಇಡು.

ಮಳೆ ಹಿಡಿಯುತ್ತಿದ್ದಂತೆ ಎರಡಡಿ ಗುಂಡಿ ತೆಗೆದು, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡು. ಬುಡ ನೆಲಕ್ಕಿಂತ ಸ್ವಲ್ಪ ಎತ್ತರ ಇರಲಿ. ಆಷಾಢದ ನೀರು ಬುಡದಲ್ಲಿ ನಿಂತರೆ ಬೇರು ಕೊಳೆಯುತ್ತದೆ. ಬೀಜ ಹಾಕಿದರೆ ಮೊಳೆಯಲು ತಿಂಗಳುಗಟ್ಟಲೆ ಕಾಯಬೇಕು, ಸಸಿಯೇ ಒಳ್ಳೆಯದು. ಮೊದಲ ಎರಡು ಬೇಸಿಗೆ ಸೋಗೆಯ ನೆರಳು ಮಾಡು, ಬುಡಕ್ಕೆ ದರಗು ಹೊದೆಸಿ ನೀರು ಕೊಡು. ಆಮೇಲೆ ಅದು ತನ್ನಷ್ಟಕ್ಕೆ ಬೆಳೆಯುತ್ತದೆ. ಸುಳಿಗೆ ಮಾತ್ರ ಕತ್ತಿ ತಾಗಿಸಬೇಡ. ಪಕ್ಕದಲ್ಲಿ ಕಂದು ಒಡೆಯುವ ಜಾತಿ ಅಲ್ಲ, ಸುಳಿ ಹೋದರೆ ಮರವೇ ಹೋಯಿತು.

ಮನೆಯಲ್ಲಿ ಮಕ್ಕಳಿದ್ದಾರೆ, ಇದನ್ನು ಮರೆಯಬೇಡ: ಬೈನೆ ಹಣ್ಣಿನ ರಸ ಮೈಗೆ ತಾಗಿದರೆ ವಿಪರೀತ ತುರಿಕೆ. ಅದರೊಳಗೆ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿವೆ. ಪುನುಗು ಬೆಕ್ಕು ಅದನ್ನೇ ತಿಂದು ಬೀಜ ಹರಡುತ್ತದೆ, ಅದಕ್ಕೆ ಅದು ಊಟ. ನಮ್ಮ ಮಕ್ಕಳು ಮುಟ್ಟದ ಹಾಗೆ ನೋಡಿಕೋ. ಉದುರಿದ್ದನ್ನು ಕೈಗವಸು ಹಾಕಿಕೊಂಡು ಗುಡಿಸು.

ಇನ್ನೊಂದು ಮಾತು ಈಗಲೇ ತಿಳಿದಿರಲಿ. ಬೈನೆ ಜೀವಮಾನದಲ್ಲಿ ಒಂದೇ ಸರದಿ ಹೂ ಬಿಡುತ್ತದೆ. ಮೊದಲ ಗೊಂಚಲು ತುದಿಯಲ್ಲಿ, ಮುಂದಿನವು ಒಂದೊಂದಾಗಿ ಕೆಳಗೆ. ಹೀಗೆ ಕೆಲವು ವರ್ಷ ಇಳಿಯುತ್ತಾ ಬಂದು, ಕೊನೆಯ ಗೊಂಚಲು ಮುಗಿದ ಮೇಲೆ ಮರ ಒಣಗುತ್ತದೆ. ಆಗ ರೋಗ ಬಂತೆಂದು ಔಷಧಿ ಹೊಡೆಯಲು ಹೋಗಬೇಡ, ಅದರ ಆಯುಷ್ಯವೇ ಅಷ್ಟು. ಒಣಗಿದ್ದನ್ನು ಗಾಳಿಮಳೆಗೆ ಬಿಡದೆ ಬೇಸಿಗೆಯಲ್ಲೇ ಕಡಿಸು. ಇದಕ್ಕೇ ಮನೆಯಿಂದ ದೂರ ನೆಡು ಅಂದದ್ದು. ತುದಿಯಲ್ಲಿ ಮೊದಲ ಹೂ ಕಂಡ ವರ್ಷವೇ ಆಚೆ ಬದಿಗೆ ಇನ್ನೊಂದು ಸಸಿ ಇಟ್ಟುಬಿಡು. ಹಳೆಯದು ಹೋಗುವ ಹೊತ್ತಿಗೆ ಹೊಸದು ಆಳೆತ್ತರ ಆಗಿರುತ್ತದೆ, ಅಂಗಳ ಬೋಳಾಗುವುದಿಲ್ಲ.