ವಾಟ್ಸಾಪಿನಲ್ಲಿರುವ ನಿಮ್ಮ ದಾಖಲೆ: ಕೇಳಿ ಪಡೆಯುವ ಮತ್ತು ಅಳಿಸುವ ಕ್ರಮ



ಹಾಲಿನ ಡೈರಿಯ ಲೆಕ್ಕ, ಸೊಸೈಟಿಗೆ ಗೊಬ್ಬರ ಬಂದ ಸುದ್ದಿ, ಶಾಲೆಯ ಸೂಚನೆ, ಮದುವೆಯ ಕರೆಯೋಲೆ, ಇವೆಲ್ಲ ಈಗ ವಾಟ್ಸಾಪಿನ ಮೂಲಕವೇ ನಮ್ಮ ಮನೆಗೆ ಬರುತ್ತಿವೆ. ನಮ್ಮಿಂದ ಹೊರಗೆ ಹೋಗುವುದೂ ಕಡಮೆಯೇನಲ್ಲ. ಬೆಳೆ ವಿಮೆಗೆಂದು ಪಹಣಿಯ ಫೋಟೋ, ಸಹಾಯಧನಕ್ಕೆಂದು ಬ್ಯಾಂಕಿನ ಪಾಸ್‌ಬುಕ್ಕಿನ ಮೊದಲ ಪುಟ, ಆಧಾರ್ ಕಾರ್ಡಿನ ಎರಡೂ ಮಗ್ಗುಲು, ಮಗಳ ಅಂಕಪಟ್ಟಿ, ಎಲ್ಲವೂ ಅದೇ ದಾರಿಯಲ್ಲಿ ಹೋಗುತ್ತವೆ. ಹೋದದ್ದು ಎಲ್ಲಿ ನಿಲ್ಲುತ್ತದೆ, ಬೇಡವಾದಾಗ ಅದನ್ನು ಅಳಿಸುವುದು ಹೇಗೆ ಎಂಬುದನ್ನು ಮಾತ್ರ ನಾವು ವಿಚಾರಿಸಿಲ್ಲ.

ಬಹುಮಂದಿಯ ತಿಳಿವಳಿಕೆ ಹೀಗಿದೆ: ಫೋನಿನಿಂದ ವಾಟ್ಸಾಪನ್ನು ತೆಗೆದುಹಾಕಿದರೆ, ಅಥವಾ ಹಳೆಯ ಸಿಮ್ಮನ್ನು ಕಿತ್ತು ಎಸೆದರೆ, ಅಲ್ಲಿಗೆ ಲೆಕ್ಕ ಚುಕ್ತಾ. ಇದು ಸರಿಯಲ್ಲ. ಗರಿಕೆಯನ್ನು ಕುಡುಗೋಲಿನಿಂದ ಸವರಿದರೆ ಹೊಲ ಹಸನಾದಂತೆ ಕಾಣುತ್ತದೆ. ಬೇರು ಮಾತ್ರ ಒಳಗೇ ಇರುತ್ತದೆ. ಆಪ್ ತೆಗೆದುಹಾಕುವುದು ಆ ಬಗೆಯ ಕೆಲಸ. ನಿಮ್ಮ ಖಾತೆ ಕಂಪನಿಯ ದಫ್ತರದಲ್ಲಿ ಹಾಗೆಯೇ ಇರುತ್ತದೆ, ನಿಮ್ಮ ಸಂಖ್ಯೆ ಗುಂಪುಗಳಲ್ಲಿ ಹಾಗೆಯೇ ಇರುತ್ತದೆ.

ಇದರಿಂದ ತೊಂದರೆ ಏನೆಂದು ಕೇಳಬಹುದು. ನಮ್ಮಲ್ಲಿ ಸಿಮ್ ಬದಲಾಯಿಸುವುದು ಸಾಮಾನ್ಯ. ರೀಚಾರ್ಜ್ ದುಬಾರಿಯಾಯಿತೆಂದೋ, ಸಂತೆಯ ದಿನ ಕೊಡೆ ನೆಟ್ಟು ಕುಳಿತವನು ಅಗ್ಗಕ್ಕೆ ಕೊಟ್ಟನೆಂದೋ ಹೊಸದನ್ನು ಕೊಳ್ಳುತ್ತೇವೆ. ಬಿಟ್ಟ ಸಂಖ್ಯೆ ಪಾಳು ಬಿದ್ದಿರುವುದಿಲ್ಲ. ಅದು ರದ್ದಾಗಿ ೯೦ ದಿನ ಕಳೆದ ಮೇಲೆ ಮತ್ತೊಬ್ಬ ಗ್ರಾಹಕನಿಗೆ ಕೊಡಲು ಅವಕಾಶವಿದೆ. ಹೊಸಬನು ಆ ಸಂಖ್ಯೆಯಿಂದ ವಾಟ್ಸಾಪ್ ತೆರೆಯುತ್ತಾನೆ. ಖಾತೆ ೪೫ ದಿನಗಳಿಂದ ಸುಮ್ಮನೆ ಬಿದ್ದಿದ್ದರೆ ಹಳೆಯವರ ಚಿತ್ರ ಮತ್ತು ವಿವರಗಳನ್ನು ತೆಗೆದುಬಿಡುವುದಾಗಿ ಕಂಪನಿ ಹೇಳುತ್ತದೆ. ಆದರೆ ಸಿಮ್ ತೆಗೆದ ಮೇಲೂ ಹಳೆಯ ಸಂಖ್ಯೆಯ ವಾಟ್ಸಾಪನ್ನೇ ತಿಂಗಳುಗಟ್ಟಲೆ ನಡೆಸಿಕೊಂಡು ಬಂದವರು ಪ್ರತಿ ಊರಿನಲ್ಲೂ ಇದ್ದಾರೆ. ಅಂಥ ಖಾತೆ ಸುಮ್ಮನೆ ಬಿದ್ದದ್ದಲ್ಲ, ಜೀವಂತವಾದದ್ದು. ಹೊಸಬನು ನೋಂದಾಯಿಸಿದ ಕೂಡಲೇ ನಿಮ್ಮ ಫೋನಿನಲ್ಲಿ ಅದು ನಿಲ್ಲುತ್ತದೆ. ಮುಂದೆ ಮಹಿಳಾ ಸಂಘದ ಗುಂಪಿಗೆ ಬರುವ ಸಾಲದ ಕಂತಿನ ಮಾತು, ಅಣ್ಣತಮ್ಮಂದಿರ ಭಾಗದ ಮಾತು ಆತನ ಕೈಗೆ ಹೋಗಬಹುದು. ಆತ ಒಳ್ಳೆಯವನೇ ಇರಬಹುದು. ಆದರೂ ಅವು ಆತನು ಓದಬೇಕಾದ ಮಾತುಗಳಲ್ಲ.

ಸಂಖ್ಯೆಯ ಸಿಮ್ ಫೋನಿನಲ್ಲಿದ್ದರೆ ಮಾತ್ರ ಇಂಥ ಆಪ್‌ಗಳು ನಡೆಯುವಂತಿರಬೇಕೆಂದು ದೂರಸಂಪರ್ಕ ಇಲಾಖೆಯು ೨೦೨೫ರ ನವೆಂಬರಿನಲ್ಲಿ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಒಳ್ಳೆಯದೇ. ಆದರೆ ನಿಂತುಹೋದ ಖಾತೆ ಬೇರೆ, ಅಳಿಸಿದ ಖಾತೆ ಬೇರೆ. ಈ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ರದ್ದಾದ ಸಂಖ್ಯೆಗಳನ್ನು ಬೇರೆಯವರಿಗೆ ಕೊಡಕೂಡದೆಂದು ಕೋರಿದ ಅರ್ಜಿಯನ್ನು ೨೦೨೩ರ ನವೆಂಬರಿನಲ್ಲಿ ಕೇಳಿದ ನ್ಯಾಯಾಲಯ, ಹಿಂದಿನ ಗ್ರಾಹಕನು ತನ್ನ ವಾಟ್ಸಾಪ್ ಖಾತೆಯನ್ನು ತಾನೇ ಅಳಿಸಿ, ಫೋನಿನಲ್ಲೂ ಡ್ರೈವಿನಲ್ಲೂ ಇರುವುದನ್ನು ತೆಗೆದುಹಾಕಿದರೆ ದುರುಪಯೋಗವನ್ನು ತಡೆಯಬಹುದೆಂದು ಹೇಳಿತು. ಎಂದರೆ ಹೊಣೆ ನಮ್ಮ ಮೇಲೇ ಇದೆ.

ಮೊದಲು ದಾಖಲೆ ಕೇಳಿ ಪಡೆಯಿರಿ

ಜಮೀನಿನ ವಿಷಯದಲ್ಲಿ ಏನು ಮಾಡುವುದಾದರೂ ಮೊದಲು ಪಹಣಿ ತೆಗೆಸುತ್ತೇವಷ್ಟೆ. ಇಲ್ಲಿಯೂ ಹಾಗೆಯೇ. ಕಂಪನಿಯ ಬಳಿ ನಮ್ಮ ಬಗ್ಗೆ ಏನು ಬರೆದಿದೆ ಎಂಬುದನ್ನು ನೋಡಿದ ಮೇಲೆ ಅಳಿಸುವ ಮಾತು.

ವಾಟ್ಸಾಪ್ ತೆರೆದು ‘ಸೆಟ್ಟಿಂಗ್ಸ್’ಗೆ ಹೋಗಿ, ‘ಅಕೌಂಟ್’ ಎಂಬುದನ್ನು ಒತ್ತಿ. ಅಲ್ಲಿ ‘ರಿಕ್ವೆಸ್ಟ್ ಅಕೌಂಟ್ ಇನ್ಫೋ’ ಎಂಬ ಸಾಲು ಇದೆ. ಫೋನನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಖಾತೆಯ ಮಾಹಿತಿಯನ್ನು ಕೋರುವ ಸಾಲಾಗಿ ಕನ್ನಡದಲ್ಲೇ ಕಾಣುತ್ತದೆ. ಅದನ್ನು ಒತ್ತಿ ಕೋರಿಕೆ ಕಳುಹಿಸಿ. ಅರ್ಜಿಗೆ ಸ್ಟಾಂಪಿಲ್ಲ, ಶುಲ್ಕವಿಲ್ಲ. ಸುಮಾರು ಮೂರು ದಿನಗಳಲ್ಲಿ ವರದಿ ಸಿದ್ಧವಾಗುತ್ತದೆ. ಸಿದ್ಧವಾದದ್ದು ಕೆಲವು ವಾರಗಳು ಮಾತ್ರ ಸಿಗುವುದರಿಂದ ನೆನಪಿಟ್ಟು ಇಳಿಸಿಕೊಳ್ಳಬೇಕು. ಮುಖ್ಯವಾದ ಒಂದು ಮಾತು: ವರದಿ ಬರುವ ಮುಂಚೆಯೇ ಖಾತೆಯನ್ನು ಅಳಿಸಿದರೆ ಕೋರಿಕೆಯೂ ರದ್ದಾಗುತ್ತದೆ. ಮೂರು ದಿನ ತಾಳ್ಮೆ ಬೇಕು.

ವರದಿಯಲ್ಲಿ ನಿಮ್ಮ ಸಂಖ್ಯೆ, ಹೆಸರು, ಚಿತ್ರ, ನೀವಿರುವ ಗುಂಪುಗಳ ಹೆಸರು, ನಿಮ್ಮ ಪಟ್ಟಿಯಲ್ಲಿರುವವರ ಸಂಖ್ಯೆಗಳು, ನೀವು ತಡೆಹಿಡಿದವರ ಸಂಖ್ಯೆಗಳು, ಯಾವ ಬಗೆಯ ಫೋನು ಎಂಬಿವು ಇರುತ್ತವೆ. ಓದಿದಾಗ ಎಷ್ಟೋ ವರ್ಷದ ಹಿಂದೆ ಯಾರೋ ಸೇರಿಸಿದ, ನಾವು ಮರೆತೇಬಿಟ್ಟ ಗುಂಪುಗಳು ಕಣ್ಣಿಗೆ ಬೀಳುತ್ತವೆ. ಅವುಗಳಿಂದ ಹೊರಬರಲು ಇದೇ ಸಮಯ.

ಸಂದೇಶಗಳು ಮಾತ್ರ ಈ ವರದಿಯಲ್ಲಿರುವುದಿಲ್ಲ. ೨೦೧೬ರಿಂದ ವಾಟ್ಸಾಪಿನ ಸಂದೇಶಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಬೀಗ ಹಾಕಿದಂತೆ ಹೋಗುತ್ತವೆ. ತಲಪಿದ ಮೇಲೆ ಕಂಪನಿಯ ಯಂತ್ರದಲ್ಲಿ ಉಳಿಯುವುದಿಲ್ಲ, ತಲಪದಿದ್ದರೆ ೩೦ ದಿನಗಳವರೆಗೆ ಕಾದು ಅಳಿಯುತ್ತವೆ. ಅವು ಇರುವುದು ನಿಮ್ಮ ಫೋನಿನಲ್ಲಿ, ಎದುರಿನವರ ಫೋನಿನಲ್ಲಿ. ಬೇಕಾದ ಮಾತುಕತೆ, ಉದಾಹರಣೆಗೆ ಕಾಯಿ ವ್ಯಾಪಾರಿ ದರ ಒಪ್ಪಿಕೊಂಡ ಸಂದೇಶ, ಇದ್ದರೆ ಆ ಮಾತುಕತೆಯೊಳಗೆ ‘ಎಕ್ಸ್‌ಪೋರ್ಟ್ ಚಾಟ್’ ಎಂಬುದರಿಂದ ಬೇರೆಯಾಗಿ ತೆಗೆದಿಟ್ಟುಕೊಳ್ಳಬೇಕು. ಅಳಿಸಿದ ಮೇಲೆ ಅತ್ತರೆ ಬಾರದು.

ಅಳಿಸುವ ಕ್ರಮ

ಸಂಖ್ಯೆ ಮಾತ್ರ ಬದಲಾಗಿ ವಾಟ್ಸಾಪ್ ಬೇಕಾಗಿದ್ದರೆ ಅಳಿಸುವ ಅಗತ್ಯವೇ ಇಲ್ಲ. ಅದೇ ‘ಅಕೌಂಟ್’ ಪುಟದಲ್ಲಿ ಸಂಖ್ಯೆ ಬದಲಾಯಿಸುವ ಸಾಲಿದೆ. ಹಳೆಯದನ್ನೂ ಹೊಸದನ್ನೂ ಬರೆದರೆ ಖಾತೆ ಗುಂಪುಗಳ ಸಮೇತ ಹೊಸ ಸಂಖ್ಯೆಗೆ ಹೋಗುತ್ತದೆ, ಹಳೆಯ ಸಂಖ್ಯೆ ಬಿಡುಗಡೆಯಾಗುತ್ತದೆ. ಹಳ್ಳಿಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಬೇಕಾದದ್ದು ಇದೇ ಎಂದು ನನ್ನ ಎಣಿಕೆ.

ಪೂರ್ತಿಯಾಗಿ ಬಿಡುವವರು ‘ಡಿಲೀಟ್ ಅಕೌಂಟ್’ ಒತ್ತಿ, ಭಾರತದ ೯೧ ಸೇರಿಸಿ ತಮ್ಮ ಸಂಖ್ಯೆಯನ್ನು ಬರೆದು ಒಪ್ಪಿಗೆ ಕೊಡಬೇಕು. ಹಳೆಯ ಸಿಮ್ ಇನ್ನೂ ಜೀವಂತವಾಗಿರುವಾಗಲೇ ಇದನ್ನು ಮುಗಿಸತಕ್ಕದ್ದು. ಒಪ್ಪಿಗೆ ಕೊಟ್ಟ ಮೇಲೆ ಎಲ್ಲ ಗುಂಪುಗಳಿಂದ ನಿಮ್ಮ ಹೆಸರು ಹೋಗುತ್ತದೆ, ಫೋನಿನಲ್ಲಿದ್ದ ಸಂದೇಶಗಳು ಹೋಗುತ್ತವೆ, ಗೂಗಲ್ ಡ್ರೈವಿನಲ್ಲಿದ್ದ ವಾಟ್ಸಾಪ್ ಬ್ಯಾಕಪ್ ಹೋಗುತ್ತದೆ. ಕಂಪನಿಯ ದಫ್ತರದಿಂದ ಪೂರ್ತಿ ಅಳಿಯಲು ೯೦ ದಿನಗಳವರೆಗೂ ಹಿಡಿಯಬಹುದು. ಗ್ಯಾಲರಿಯಲ್ಲಿ ಕುಳಿತ ಫೋಟೋಗಳು ಮಾತ್ರ ಅಲ್ಲೇ ಇರುತ್ತವೆ. ಅವನ್ನು ಕೈಯಾರೆ ತೆಗೆಯಬೇಕು. ಫೋನನ್ನು ಮಾರುವುದಾದರೆ ಫ್ಯಾಕ್ಟರಿ ರೀಸೆಟ್ ಮಾಡದೆ ಕೊಡಕೂಡದು.

ಈ ಸಂಗತಿಯನ್ನು ಒಂದು ಊರಿನಲ್ಲಿ ಹೇಳುತ್ತಿದ್ದಾಗ ಹಿರಿಯರೊಬ್ಬರು ಕೇಳಿದರು: “ಅಲ್ಲಪ್ಪಾ, ಗುಂಪಿಗೆ ಆಧಾರ್ ಹಾಕಿಬಿಟ್ಟಿದ್ದೀನಿ. ನನ್ನದನ್ನು ಅಳಿಸಿದರೆ ಅದೂ ಹೋಯಿತಲ್ಲ?”

“ಹೋಗಲಿಲ್ಲ ಯಜಮಾನರೇ. ನೀವು ಹಂಚಿದ ಬೀಜ ಅವರವರ ಕಣಜದಲ್ಲಿದೆ. ನಿಮ್ಮ ಕಣಜ ಗುಡಿಸಿದರೆ ಅವರದು ಖಾಲಿಯಾದೀತೇ?” ಎಂದೆ.

ಅವರಿಗೆ ಥಟ್ಟನೆ ಅರ್ಥವಾಯಿತು. ಕಳುಹಿಸಿದ ಸಂದೇಶವನ್ನು ಎಲ್ಲರ ಫೋನಿನಿಂದಲೂ ತೆಗೆಯಲು ಎರಡು ದಿನಕ್ಕೆ ತುಸು ಹೆಚ್ಚಿನ ಅವಧಿ ಇದೆ. ಅದು ಮೀರಿದರೆ ಪಡೆದವರನ್ನೇ ಕೇಳಿ ಅಳಿಸಿಸಬೇಕು. ಈ ಅವಧಿಯೊಳಗೂ ಯಾರಾದರೂ ಫೋಟೋವನ್ನು ಇಳಿಸಿಟ್ಟುಕೊಂಡಿದ್ದರೆ ಅದನ್ನು ತಡೆಯಲಾಗದು.

ಇಲ್ಲಿ ಸಂಘಸಂಸ್ಥೆಗಳ ಕಾರ್ಯದರ್ಶಿಗಳಿಗೆ ಒಂದು ಮಾತು ಹೇಳಲೇಬೇಕು. ಎಲ್ಲರಿರುವ ಗುಂಪಿನಲ್ಲಿ “ಆಧಾರ್, ಪಾಸ್‌ಬುಕ್ ಹಾಕಿ” ಎಂದು ಬರೆಯುವ ಪದ್ಧತಿ ಒಳ್ಳೆಯದಲ್ಲ. ಕಾಗದವನ್ನು ಕಚೇರಿಯಲ್ಲಿ ನೋಡಿ ಹಿಂದಕ್ಕೆ ಕೊಡಿ. ಕಳುಹಿಸಲೇಬೇಕಾದರೆ ಒಬ್ಬರ ಸಂಖ್ಯೆಗೆ ಕಳುಹಿಸುವಂತೆ ಮಾಡಿ, ಕೆಲಸ ಮುಗಿದ ದಿನವೇ ಅಳಿಸಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಕೊಡುತ್ತದೆ. ಅದು ಸಾಕಾಗುವ ಕಡೆ ಪೂರ್ತಿ ಪ್ರತಿ ಕೇಳುವುದೇಕೆ?

ಟೆಲಿಗ್ರಾಂ ಬಳಸುವ ಯುವಕರು ಒಂದು ವ್ಯತ್ಯಾಸ ತಿಳಿದಿರಬೇಕು. ಅಲ್ಲಿ ಸಾಮಾನ್ಯ ಸಂದೇಶಗಳು ಕಂಪನಿಯ ಯಂತ್ರಗಳಲ್ಲೇ ಶೇಖರವಾಗಿರುತ್ತವೆ. ಆದ್ದರಿಂದ ಅಲ್ಲಿ ಆಪ್ ತೆಗೆದುಹಾಕಿ ಸುಮ್ಮನಾಗುವುದು ಇನ್ನೂ ಅಪೂರ್ಣವಾದ ಕೆಲಸ.

ಕಾನೂನು ಏನು ಹೇಳುತ್ತದೆ

ಇದೆಲ್ಲ ಕಂಪನಿಯವರು ದಯಮಾಡಿ ಕೊಟ್ಟ ಸೌಲಭ್ಯವೆಂದು ತಿಳಿಯಬೇಕಾಗಿಲ್ಲ. ಯುರೋಪಿನ ದೇಶಗಳಲ್ಲಿ ೨೦೧೮ರ ಮೇ ೨೫ರಿಂದ ಜಾರಿಗೆ ಬಂದ ಕಾನೂನು, ತನ್ನ ಬಗೆಗಿನ ದಾಖಲೆಯನ್ನು ಕೇಳುವ ಹಾಗೂ ಅಳಿಸಿಸುವ ಹಕ್ಕನ್ನು ಜನರಿಗೆ ಕೊಟ್ಟಿತು. ವರದಿ ಕೇಳುವ ಆ ಸಾಲು ವಾಟ್ಸಾಪಿನಲ್ಲಿ ಕಾಣಿಸಿಕೊಂಡದ್ದು ಅದೇ ವರ್ಷ.

ನಮ್ಮ ದೇಶದ ಕಥೆಯಲ್ಲಿ ಕನ್ನಡ ನಾಡಿನ ಹಿರಿಯರೊಬ್ಬರ ಪಾತ್ರವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಮುಂದೆ ೨೦೨೩ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ, ೨೦೨೫ರ ನವೆಂಬರಿನಲ್ಲಿ ಅದರ ನಿಯಮಗಳೂ ಬಂದವು. ತನ್ನ ದಾಖಲೆಯ ಸಾರಾಂಶ ಕೇಳುವ, ತಪ್ಪನ್ನು ತಿದ್ದಿಸುವ, ಅಳಿಸಿಸುವ, ದೂರು ಕೊಡುವ ಹಕ್ಕುಗಳು ಈ ಕಾಯಿದೆಯಲ್ಲಿವೆ. ಕಂಪನಿಗಳು ಸಿದ್ಧವಾಗಲು ನಿಯಮಗಳ ಪ್ರಕಟಣೆಯಲ್ಲಿ ೧೮ ತಿಂಗಳ ಕಾಲಾವಕಾಶ ಕೊಟ್ಟಿದೆ. ಆ ಲೆಕ್ಕದಲ್ಲಿ ಇವು ಪೂರ್ಣವಾಗಿ ಜಾರಿಗೆ ಬರುವುದು ೨೦೨೭ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಕಾಯುತ್ತ ಕೂರಬೇಕಾದ್ದಿಲ್ಲ. ಮೇಲೆ ಹೇಳಿದ ಎರಡು ಸಾಲುಗಳೂ ಫೋನಿನಲ್ಲಿ ಇಂದೇ ಇವೆ.

ಕಾಯಿದೆಯ ಇನ್ನೊಂದು ಅಂಶ ನನಗೆ ಬಹಳ ಹಿಡಿಸಿತು. ತಾನು ಸತ್ತರೆ ಅಥವಾ ಅಶಕ್ತನಾದರೆ ಈ ಹಕ್ಕುಗಳನ್ನು ನಡೆಸಲು ಒಬ್ಬರನ್ನು ನಾಮಿನಿಯಾಗಿ ಹೆಸರಿಸಬಹುದು, ಬ್ಯಾಂಕಿನಲ್ಲಿ ಮಾಡುವ ಹಾಗೆ. ತೀರಿಕೊಂಡ ತಂದೆಯ ಫೋನು ಅಟ್ಟದ ಮೇಲೆ, ಅವರ ಸಂಖ್ಯೆ ಇನ್ನೂ ಹತ್ತು ಗುಂಪುಗಳಲ್ಲಿ: ಇಂಥ ಮನೆಗಳು ನಮ್ಮ ವಲಯದಲ್ಲೇ ಹಲವು ಇವೆ. ೧೨೦ ದಿನ ಬಳಸದಿದ್ದರೆ ಖಾತೆಯನ್ನು ವಾಟ್ಸಾಪಿನವರು ಸಾಮಾನ್ಯವಾಗಿ ತಾವೇ ಅಳಿಸುತ್ತಾರೆ. ಆದರೂ ಸಿಮ್ ನಡೆಯುತ್ತಿರುವಾಗಲೇ, ಬೇಕಾದ ಧ್ವನಿ ಸಂದೇಶ, ಫೋಟೋಗಳನ್ನು ಮನೆಯವರು ಮೊದಲು ತೆಗೆದಿಟ್ಟುಕೊಂಡು ಆಮೇಲೆ ಖಾತೆಯನ್ನು ಮುಚ್ಚುವುದು ಮೇಲು.

ಈ ಕೆಲಸದಲ್ಲಿ ಸಹಾಯ ಬೇಕಾದವರು ಪಂಚಾಯತಿಯ ಗ್ರಂಥಾಲಯಕ್ಕೆ ಬರಬಹುದು. ಸಂತೆಯ ದಿನ ಸಂಜೆ ನಾನು ಅಲ್ಲಿರುತ್ತೇನೆ. ಮಣ್ಣಿನ ಮಾದರಿ ತೆಗೆಯುವುದನ್ನು ಓದಿ ಬಂದವನಿಗೆ ಇದು ಹೊಸ ವಿದ್ಯೆಯಾದರೂ ಈಗ ಕೈಗೆ ಹತ್ತಿದೆ. ಬರುವವರು ಹಳೆಯ ಸಿಮ್ಮನ್ನೂ ಅದಿರುವ ಫೋನನ್ನೂ ತನ್ನಿ, ಚಾರ್ಜ್ ಮಾಡಿಕೊಂಡು ಬನ್ನಿ. ಫೋನಿಗೆ ಬರುವ ಆರು ಅಂಕಿಗಳ ಸಂಖ್ಯೆಯನ್ನು ನೀವೇ ಒತ್ತಬೇಕು. ಅದನ್ನು ಯಾರಿಗೂ ಹೇಳಬೇಡಿ, ನನಗೂ ಹೇಳಬೇಡಿ.